ಕೈಯಾರೆ ಹೊರಗಿಟ್ಟ ಮಗ್ಗ

ನಮ್ಮ ಅವ್ವ ಬಲು ಗಟ್ಟಿ ಹೆಂಗಸು. ನಮ್ಮೂರು ಮೆಹಕರದಲ್ಲಿ ಅವಳ ಬಾಯಿಗೆ ಹೆದರಿ ದಾರಿ ಬದಲಿಸುವವರಿದ್ದರು. ಅಂಥವಳು ಬಾಯಿ ತೆರೆಯಲೇಬೇಕಾದ ಒಂದು ದಿನ ತೆರೆಯಲಿಲ್ಲ.

ಪೊಲೀಸ್ ಆ್ಯಕ್ಷನ್‌ಗಿಂತ ಮೊದಲಿನ ಮಾತು, ಇನ್ನೂ ನಿಜಾಮರ ರಾಜ್ಯ. ಅಪ್ಪ ಕಂಬಳಿ ನೇಯುತ್ತಿದ್ದ. ಅಕ್ಕನ ಮದುವೆಗೆ ತಂದ ಸಾಲ ತೀರಲಿಲ್ಲವೆಂದು ಭಾಲ್ಕಿಯ ಸಾವಕಾರ ಕೋರ್ಟಿನಿಂದ ಜಪ್ತಿ ಹುಕುಂ ತಂದಿದ್ದ. ಅಪ್ಪ ಉಣ್ಣೆ ತರಲು ಔರಾದ ಕಡೆಯ ಎಕಂಬಾಕ್ಕೆ ಹೋದಾಗಲೇ ಜಪ್ತಿ ಮಾಡುವ ಕೋರ್ಟಿನ ಅಮೀನ ನಮ್ಮ ಬಾಗಿಲಿಗೆ ಬಂದ. ಮೈಮೇಲೆ ಖಾಕಿ ಕೋಟು, ಕಾಲಲ್ಲಿ ಚರ್ಮದ ಬೂಟು, ಜೊತೆಗೆ ಸಾಕ್ಷಿಗೆ ಪಂಚರೆಂದು ಊರಿನ ಇಬ್ಬರು.

ಅಮೀನ ಕೆಟ್ಟವನೇನಲ್ಲ. ಅವ್ವ ಕೊಟ್ಟ ನೀರು ಕುಡಿದ, ಮೆತ್ತಗೇ ಮಾತಾಡಿದ. ಪಡಸಾಲೆಯಲ್ಲಿದ್ದ ತಾಮ್ರದ ನೀರಿನ ಹಂಡೆಯನ್ನು ಹೊರಗಿಡಿಸಿ, "ಒಳಗಿನ ಖೋಲ್ಯಾಗ ಏನದ ಬಾಯಿ? ನೋಡಬೇಕಾಗ್ತದ" ಎಂದು ಎದ್ದ.

ಒಳಗಿನ ಕೋಣೆಯಲ್ಲಿ ಮಗ್ಗವಿತ್ತು. ಅದರ ಪಕ್ಕದ ಗೂಡಿನಲ್ಲಿ ನಮ್ಮ ದೇವರು. ಅಲ್ಲಿಗೆ ಚರ್ಮದ ಕಾಲ್ಮೆಟ್ಟು ಹೋಗುವಂತಿಲ್ಲ. ಅಪ್ಪನೂ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಬರುತ್ತಿದ್ದ. ಅವ್ವ ಆ ಬೂಟನ್ನೇ ನೋಡುತ್ತ ಹೊಸ್ತಿಲಿಗೆ ಅಡ್ಡ ನಿಂತಳು.

"ನೀವು ಒಳಗ ಬರಬ್ಯಾಡ್ರಿ ಸಾಹೇಬ್ರ. ಇದ್ದದ್ದೆಲ್ಲಾ ನಾವೇ ತಂದು ಇಡ್ತೇವ್ರಿ."

ತಂದಿಟ್ಟೆವು. ಅವ್ವ ಅರ್ಧ ನೇಯ್ದ ಕಂಬಳಿಯನ್ನು ಕತ್ತರಿಸಿ ತೆಗೆದಳು. ಅಜ್ಜನ ಕಾಲದ ಮಗ್ಗದ ಕೋಲು, ಹಲಗೆ, ಹಗ್ಗಗಳನ್ನು ಬಿಚ್ಚಿ ಕೊಟ್ಟಳು, ನಾನು ಅಂಗಳಕ್ಕೆ ಹೊತ್ತೆ. ಅಮೀನ ಒಮ್ಮೆ ಮಗ್ಗವನ್ನು, ಒಮ್ಮೆ ಅವಳನ್ನು ನೋಡಿದ.

"ನೀವಾಗೇ ಕೊಡ್ಲತ್ತೀರೇನು?"

"ಹೌದ್ರಿ."

ಅವನು ಬರೆದುಕೊಂಡ. ಪಂಚರು ಹೆಬ್ಬೆಟ್ಟು ಒತ್ತಿದರು.

ಮರಳಿ ಬಂದ ಅಪ್ಪ ಉಣ್ಣೆಯ ಗಂಟನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ಖಾಲಿ ಕೋಣೆಯನ್ನು ನೋಡುತ್ತ ನಿಂತ. ಕೋರ್ಟಿಗೆ ಹೋಗಿ ಕೇಳು ಎಂದು ಊರವರು ಹೇಳಿದರೆ, "ನಮ್ಮ ಮನಿ ಹೆಣ್ಮಗಳು ಕೈಯಾರೆ ಕೊಟ್ಟಾಳ. ವಾಪಸ್ ಕೊಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ?" ಎಂದುಬಿಟ್ಟ. ಹಾಳು ಮರ್ಯಾದೆ! ಹರಾಜಿನಲ್ಲಿ ಮಗ್ಗ ಸೌದೆಯ ಬೆಲೆಗೆ ಹೋಯಿತು. ಹೊಸದು ಹೂಡಲು ಅಪ್ಪನಿಗೆ ಮನಸ್ಸಾಗಲಿಲ್ಲ. ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಲೇ ತೀರಿಕೊಂಡ.

ನಿಜಾಮರ ಆಳ್ವಿಕೆ ಹೋಯಿತು. ನಾನು ಮದುವೆಯಾಗಿ ಬೀದರಿನ ಚಿದ್ರಿಗೆ ಬಂದೆ. ಪಕ್ಕದ ಮನೆಯಲ್ಲಿ ಒಬ್ಬರು ವಕೀಲರಿದ್ದರು. ಒಂದು ಸಂಜೆ ಮಾತಿಗೆ ಮಾತು ಬಂದು ಮಗ್ಗದ ಕಥೆ ಹೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ಕಸಬಿನ ಸಾಮಾನಿಗಿ ಜಪ್ತಿ ಇಲ್ಲವ್ವಾ. ಉಡೂ ಬಟ್ಟಿ, ಅಡಗಿ ಭಾಂಡಿ, ಕೊರಳಾಗಿನ ತಾಳಿ, ಇವನ್ನೂ ಮುಟ್ಟೂ ಹಂಗಿಲ್ಲ. ಅಮೀನ ಒಳಗ ಬಂದಿದ್ರ, ನಡಿಯೂ ಮಗ್ಗ ನೋಡಿ ಅಲ್ಲೇ ಬಿಟ್ಟು ಹೋಗ್ತಿದ್ದ. ನೀವಾಗೇ ತಂದು ಕೊಟ್ಟಿದ್ದಕ್ಕ ಬರಕೊಂಡ. ಹರಾಜಿನ ಮೊದಲು ನಿಮ್ಮಪ್ಪ ಒಂದು ಅರ್ಜಿ ಕೊಟ್ಟಿದ್ರೂ ಸಾಕಿತ್ತು."

"ನಿಜಾಮರ ಕಾಲದಾಗೂ ಹಿಂಗೇ ಇತ್ತೇನ್ರಿ?"

"ಆಗೂ ಇತ್ತು."

ಅವ್ವನಿಗೆ ಹೇಳಬಾರದೆಂದುಕೊಂಡೇ ಮೆಹಕರಕ್ಕೆ ಹೋದೆ. ಹೇಳದೆ ಇರಲಾಗಲಿಲ್ಲ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು. ನನ್ನನ್ನು ಬೈಯುತ್ತಾಳೆ, ಅಮೀನನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಕಾಯ್ದೆ ನನಗ ಎಲ್ಲಿಂದ ಗೊತ್ತಾಗಬೇಕವ್ವಾ," ಎಂದಳು. "ಖರೆ, ಬೂಟು ಕಳದು ಬರ್ರಿ ಅಂತ ಒಂದು ಮಾತು ಅನ್ನಬಹುದಿತ್ತಲ್ಲ ನಾನು. ನಮ್ಮ ಮನಿ ನೀರು ಕುಡದಾಂವ. ಅಂದಿದ್ರ ಕಳೀತಿದ್ದ."