೨೧೪ನೇ ಕ್ಯಾಬಿನ್

ಹಡಗಿನ ನಕ್ಷೆಯಲ್ಲಿ ೨೧೪ನೇ ಕ್ಯಾಬಿನ್ನಿನ ಎರಡು ಮಂಚಗಳ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ‘೬’ ಎಂದು ಬರೆದಿದ್ದರು.

ಅದು ಅಪ್ಪ, ಅವ್ವನಿಗಾಗಿ ನಾನೇ ಕಾಯ್ದಿರಿಸಿದ್ದ ಕ್ಯಾಬಿನ್. ೨೦೦೩ರ ಚಳಿಗಾಲ. ನಾವಿದ್ದ ಕೊಲ್ಲಿ ದೇಶದ ನೆರೆಯ ಇರಾಕಿನ ಮೇಲೆ ಯುದ್ಧ ಇಂದೋ ನಾಳೆಯೋ ಎನ್ನುವಂತಿತ್ತು. ನಾನು ಎಂ.ಎ. ಮುಗಿಸಿ ರಾಜಧಾನಿಯ ಶರ್ಕ್‌ನ ಒಂದು ಹಡಗು ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಅಹ್ಮದಿಯ ತೈಲ ಘಟಕದಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಒಂದು ಶ್ವಾಸಕೋಶ ತೂತಾಗಿ ಆಸ್ಪತ್ರೆ ಸೇರಿ, ತಿಂಗಳ ಹಿಂದೆ ಮನೆಗೆ ಬಂದಿದ್ದರು. ಸದ್ಯಕ್ಕೆ ವಿಮಾನ ಹತ್ತುವಂತಿಲ್ಲ ಎಂದು ವೈದ್ಯರು ಹೇಳಿದ್ದರು. ಉಳಿದಿದ್ದ ದಾರಿ ಮುಂಬೈಗೆ ಹೋಗುವ ಈ ಪ್ರಯಾಣಿಕರ ಹಡಗು.

ಅದನ್ನೀಗ ಸೇನೆಯವರು ಸೈನಿಕರನ್ನು ಸಾಗಿಸಲು ಬಾಡಿಗೆಗೆ ಪಡೆದಿದ್ದರು. ಇಬ್ಬರ ಕ್ಯಾಬಿನ್ನಿನಲ್ಲಿ ಆರು ಜನ, ಊಟದ ಹಾಲಿನಲ್ಲಿ ಮೂರಂತಸ್ತಿನ ಮಂಚಗಳು, ಮಕ್ಕಳ ಆಟದ ಕೋಣೆಯಲ್ಲಿ ಬಂದೂಕುಗಳು. ಬದಲಾವಣೆಗಳ ಪಟ್ಟಿಯನ್ನು ಟೈಪ್ ಮಾಡಬೇಕಾದವಳು ನಾನು. ೨೧೪ರ ಸಾಲಿಗೆ ಬಂದಾಗ ಕೈ ನಿಂತಿತು. ಆಮೇಲೆ ಅದನ್ನೂ ಟೈಪ್ ಮಾಡಿದೆ.

ಮಂಗಳೂರಿನ ಕಡೆಯವರಾದ ನಮ್ಮ ಮ್ಯಾನೇಜರರ ಬಳಿ ಹೋದೆ. “ಸೈನಿಕರನ್ನ ಇಳಿಸಿ ಖಾಲಿ ಹೋಗುವಾಗ ಇಬ್ಬರನ್ನ ಹತ್ತಿಸ್ಕೊಳ್ಳಾಕ ಆಗೂದಿಲ್ಲೇನ್ರಿ ಸರ್?”

“ಈಗ ಬಂದರಿನ ಗೇಟಿನೊಳಗೆ ನನ್ನನ್ನೇ ಬಿಡುವುದಿಲ್ಲ ಮಾರಾಯ್ತಿ. ಟಿಕೆಟೆಲ್ಲ ರದ್ದು, ಖಲಾಸ್. ಯಾರಿಗೆ?”

“ಅಪ್ಪಗ. ಹುಷಾರಿಲ್ಲ.”

“ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ನಿಮ್ಗೆ? ಹೋದ ಟ್ರಿಪ್ಪಿನಲ್ಲಿ ಕಡೇ ಗಳಿಗೆಯಲ್ಲಿ ಒಂದು ಕ್ಯಾಬಿನ್ ಖಾಲಿ ಹೋಯ್ತಲ್ಲ!”

ಹೇಳಿರಲಿಲ್ಲ. ಮನೆಯ ವಿಷಯವನ್ನು ಕಚೇರಿಗೆ ತರುವುದು ನನಗೆ ಒಗ್ಗುವುದಿಲ್ಲ. ಎಲ್ಲ ಗಿರಾಕಿಗಳಂತೆ ಸರದಿಯಲ್ಲಿ ಹೆಸರು ಬರೆಸಿ ಸುಮ್ಮನಿದ್ದೆ.

ಸಂಜೆ ರಿಗ್ಗೈ ಬಡಾವಣೆಯ ನಮ್ಮ ಮನೆಯಲ್ಲಿ ಅವ್ವ ಹಡಗಿಗೆಂದು ಬೇಗ ಕೆಡದ ಕಟಕ ರೊಟ್ಟಿ ಮಾಡುತ್ತಿದ್ದಳು. ಕಟ್ಟಿದ ಚೀಲಗಳು ಬಾಗಿಲ ಬಳಿ ಇದ್ದವು.

“ಹಡಗಿನ್ಯಾಗ ಬರೇ ಮೀನ ಕೊಡ್ತಾರಂತ,” ಎಂದು ಅಪ್ಪ ನನ್ನತ್ತ ಕಣ್ಣು ಹೊಡೆದರು. “ನಾಕ ದಿನದಾಗ ನಿಮ್ಮವ್ವ ಮೀನಗಾರ್ತಿ ಆಗ್ತಾಳ ನೋಡು.” ನಗು ಕೆಮ್ಮಾಯಿತು. ಎದೆ ಹಿಡಿದುಕೊಂಡು ಕುಳಿತರು.

“ಹಡಗ ಇಲ್ಲಪ್ಪಾ. ಸೈನ್ಯಕ್ಕ ತಗೊಂಡಾರ.”

ಖಾಲಿ ಹೋದ ಕ್ಯಾಬಿನ್ನಿನ ವಿಷಯ ಹೇಳಲಿಲ್ಲ. ಅಪ್ಪ ಉಸಿರು ಸರಿಹೋಗುವವರೆಗೆ ಕಾದರು. “ಹಂಗಾರ ನೀವಿಬ್ಬರೂ ವಿಮಾನಕ್ಕ ಹೋಗ್ರಿ.”

“ಹೂಂ, ಹೋಗ್ತೀವಿ! ಗುಳಿಗಿ ಯಾವ ಡಬ್ಬ್ಯಾಗ ಅದಾವಂತ ಗೊತ್ತೇನ ನಿಮಗ?” ಅವ್ವ ತಿರುಗಿಯೂ ನೋಡದೆ ಗದರಿದಳು. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿದ್ದರೂ ಅವಳು ತೆಗೆಯಲಿಲ್ಲ.

ಯುದ್ಧ ಶುರುವಾದರೆ ಇರಾಕಿನ ಕಡೆಯಿಂದ ವಿಷಾನಿಲ ಬರಬಹುದು, ಮನೆಯ ಒಂದು ಕೋಣೆಯನ್ನು ಗಾಳಿ ನುಸುಳದಂತೆ ಮುಚ್ಚಿಕೊಳ್ಳಿ ಎಂದು ಟೀವಿಯಲ್ಲಿ ದಿನವೂ ಹೇಳುತ್ತಿದ್ದರು. ಹೊರಡುವವರಲ್ಲವೇ ಎಂದು ನಾವು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು, ಚೀಲಗಳಿಗೆ ಸುತ್ತಿ ಉಳಿದಿದ್ದ ಅಗಲ ಟೇಪು ತೆಗೆದುಕೊಂಡು ಅಪ್ಪನ ಕೋಣೆಗೆ ಹೋದೆ. ಅವರು ಮಲಗಿದ್ದರು. ಸ್ಟೂಲು ಹತ್ತಿ, ಸದ್ದಾಗದಂತೆ ಸ್ವಲ್ಪಸ್ವಲ್ಪವೇ ಬಿಚ್ಚುತ್ತ, ಕಿಟಕಿಯ ನಾಲ್ಕು ಅಂಚಿಗೂ ಅಂಟಿಸಿದೆ.