ಎಲ್ಲರೂ ಒಂದೇ ಮಾತು ಹೇಳಿದ ವರ್ಷ

ನಾನು ಕೆಲಸ ಮಾಡುವ ಟ್ರಸ್ಟಿಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕು ಸಣ್ಣ ಆಸ್ಪತ್ರೆಗಳಿವೆ, ಹಳ್ಳಿಗಳಲ್ಲಿ ಕೆಲವು ಕ್ಲಿನಿಕ್ಕುಗಳಿವೆ. ಅಲ್ಲಿನ ನರ್ಸುಗಳಿಗೆ ವರ್ಷಕ್ಕೆರಡು ಸಲ ಮರುತರಬೇತಿ ಕೊಡುವುದು ನನ್ನ ಕೆಲಸ. ಹದಿನಾರು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಸೊಂಟ ಕೈಕೊಟ್ಟ ಮೇಲೆ ಹಾಸನದ ತರಬೇತಿ ಕೇಂದ್ರಕ್ಕೆ ಬಂದವಳು ನಾನು. ಹಾಗಾಗಿ ನರ್ಸುಗಳೆಲ್ಲ ನನ್ನವರೇ ಎಂದುಕೊಂಡಿದ್ದೆ. ಅವರು ನನ್ನನ್ನು ಏನೆಂದುಕೊಂಡಿದ್ದರು ಎಂದು ಕೇಳುವ ಯೋಚನೆ ಬಂದಿರಲಿಲ್ಲ.

ಆ ವರ್ಷ ಕಲಿಸಿದ್ದು ಒಂದೇ ವಿಷಯ. ಹುಟ್ಟಿದ ಕೂಸು ಅಳದಿದ್ದರೆ, ಮೊದಲ ನಿಮಿಷದಲ್ಲೇ ಅದರ ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಇಟ್ಟು ಅಂಬು ಬ್ಯಾಗ್ ಒತ್ತಿ ಉಸಿರು ಕೊಡುವುದು. ರಬ್ಬರ್ ಗೊಂಬೆಯ ಮೇಲೆ ಎಲ್ಲರೂ ಚೆನ್ನಾಗಿ ಮಾಡಿದರು. ಪರೀಕ್ಷೆಯಲ್ಲಿ ಎಲ್ಲರಿಗೂ ಪೂರ್ತಿ ಅಂಕ. ಆರು ತಿಂಗಳ ಮೇಲೆ ಮಕ್ಕಳ ಡಾಕ್ಟರೊಬ್ಬರು ಆಸ್ಪತ್ರೆಗಳನ್ನು ಸುತ್ತಿ ಬಂದು, ಅಂಬು ಬ್ಯಾಗನ್ನು ಯಾರೂ ಮುಟ್ಟುತ್ತಿಲ್ಲ, ಅಳದ ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ಹಾಸನಕ್ಕೆ ಓಡಿಸುತ್ತಿದ್ದಾರೆ ಎಂದು ಬರೆದರು. ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಕರೆಸಿದರು.

"ನೀವು ಕಲಿಸಿದ್ದೀರೋ ಇಲ್ಲವೋ?"

"ಕಲಿಸಿದ್ದೇನೆ ಸರ್. ಕಲಿತದ್ದನ್ನು ಯಾಕೆ ಮಾಡುತ್ತಿಲ್ಲ ಅನ್ನೋದು ಪರೀಕ್ಷೆಯಿಂದ ಗೊತ್ತಾಗಲ್ಲ. ಅವರನ್ನೇ ಕೂರಿಸಿಕೊಂಡು ಕೇಳಬೇಕು."

ಅಷ್ಟು ಧೈರ್ಯವಾಗಿ ಹೇಳಲು ಕಾರಣವಿತ್ತು. ಆಗಷ್ಟೇ ಗುಣಾತ್ಮಕ ಸಂಶೋಧನೆಯ ಆನ್‌ಲೈನ್ ಕೋರ್ಸ್ ಒಂದನ್ನು ಮುಗಿಸಿದ್ದೆ. ಸಂದರ್ಶನ ಹೇಗೆ ಮಾಡಬೇಕು, ಗುಂಪು ಚರ್ಚೆಯಲ್ಲಿ ಎಷ್ಟು ಜನ ಇರಬೇಕು, ಉತ್ತರ ಬರದಿದ್ದರೆ ಎಷ್ಟು ಹೊತ್ತು ಸುಮ್ಮನಿರಬೇಕು ಎಲ್ಲ ಕಲಿತಿದ್ದೆ. ಹೊಸ ಮಾತು ಬರುವುದು ನಿಂತಾಗ ಕೇಳುವುದನ್ನು ನಿಲ್ಲಿಸಬಹುದು ಎಂದೂ ಹೇಳಿಕೊಟ್ಟಿದ್ದರು. ಕಾರ್ಯದರ್ಶಿಗಳು ಒಪ್ಪಿದರು. ಟಿಪ್ಪಣಿ ಬರೆದುಕೊಳ್ಳಲು ಕಚೇರಿಯ ದಾಖಲೆ ನೋಡುವ ಹಿರಿಯ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕಳಿಸಿದರು. ಅವರು ಕಾರ್ಯದರ್ಶಿಗಳಿಗೆ ಬಹಳ ಬೇಕಾದವರು. ಅವತ್ತೇ ನನಗೆ ಅದು ಸರಿ ಕಾಣಲಿಲ್ಲ.

ಮೊದಲು ಚನ್ನರಾಯಪಟ್ಟಣ. ಎಂಟು ಜನ ನರ್ಸುಗಳು ದುಂಡಗೆ ಕುಳಿತರು. ಹೆಸರು ಎಲ್ಲೂ ಬರುವುದಿಲ್ಲ ಎಂದು ಒಪ್ಪಿಗೆ ಪತ್ರ ಓದಿ ಹೇಳಿದೆ. ಎಲ್ಲರೂ ಸಹಿ ಹಾಕಿದರು. ರೆಕಾರ್ಡರ್ ಒತ್ತಿ, ತರಬೇತಿ ನಿಮಗೆ ಹೇಗೆ ಉಪಯೋಗಕ್ಕೆ ಬಂತು ಎಂದೆ.

"ತರಬೇತಿ ತುಂಬಾ ಉಪಯುಕ್ತವಾಗಿತ್ತು ಮೇಡಂ. ಕಲಿತದ್ದನ್ನು ನಮ್ಮ ಮಿತಿಯಲ್ಲಿ ಪಾಲಿಸುತ್ತಿದ್ದೇವೆ. ಇನ್ನೂ ಹೆಚ್ಚಿನ ತರಬೇತಿ ಬೇಕು" ಎಂದಳು ಒಬ್ಬಳು. ಉಳಿದವರು ತಲೆಯಾಡಿಸಿದರು. ಒಂದು ಗಂಟೆ ಕೂತರೂ ಬಂದದ್ದು ಅಷ್ಟೇ.

ಮಾರನೆಯ ವಾರ ಅರಕಲಗೂಡು. ಬೇರೆ ಜನ, ಬೇರೆ ಕೋಣೆ. "ಕಲಿತದ್ದನ್ನು ನಮ್ಮ ಮಿತಿಯಲ್ಲಿ ಪಾಲಿಸುತ್ತಿದ್ದೇವೆ" ಎಂದು ಅಲ್ಲಿಯೂ ಒಬ್ಬರು ಹೇಳಿದಾಗ ನಾನು ಪೆನ್ನು ಕೆಳಗಿಟ್ಟೆ. ಅರಕಲಗೂಡಿನಲ್ಲಿ ಬಾಯಿಮಾತಿನಲ್ಲಿ ಯಾರು 'ನಮ್ಮ ಮಿತಿಯಲ್ಲಿ' ಅನ್ನುತ್ತಾರೆ? ನನ್ನ ಕೋರ್ಸಿನ ಪ್ರಕಾರವಾದರೆ ಎರಡೇ ಊರಿಗೆ ಹೊಸ ಮಾತು ಬರುವುದು ನಿಂತುಹೋಗಿತ್ತು, ಕೆಲಸ ಮುಗಿದಿತ್ತು.

ಮನೆಗೆ ಬಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಎರಡೂ ರೆಕಾರ್ಡಿಂಗ್ ಕೇಳಿದೆ. ಅರಕಲಗೂಡಿನಲ್ಲಿ ಎಲ್ಲರೂ ಕೂರುವ ಮೊದಲೇ ನಾನು ಗುಂಡಿ ಒತ್ತಿದ್ದೆ. ಆಗಿನ ಮಾತೆಲ್ಲ ಜೀವಂತವಾಗಿತ್ತು. "ಇವತ್ ಪಲ್ಯಕ್ಕೆ ಉಪ್ಪೇ ಆಕಿಲ್ಲ ಕಣಕ್ಕ" ಎಂದು ಒಬ್ಬಳು ನಗುತ್ತಿದ್ದಳು. ಪ್ರಶ್ನೆ ಶುರುವಾದದ್ದೇ ತಡ, ಅದೇ ಹುಡುಗಿ ಅರ್ಜಿ ಓದುವವಳಂತೆ ಮಾತಾಡಿದ್ದಳು. ನಡುವೆ ಒಂದು ಕಡೆ ಯಾರೋ ಬಹಳ ಸಣ್ಣಗೆ, "ಅಷ್ಟೇ ಯೋಳು, ಸಾಕು" ಅಂದದ್ದು ಕೇಳಿಸಿತು. ಐದು ಸಲ ಹಿಂದಕ್ಕೆ ಹಾಕಿ ಕೇಳಿದೆ. ಯಾರ ದನಿ ಎಂದು ಗುರುತಾಗಲಿಲ್ಲ.

ಯಾರೋ ಇವರಿಗೆ ಮೊದಲೇ ಹೇಳಿಕೊಟ್ಟಿದ್ದಾರೆ ಎಂಬುದು ಖಾತ್ರಿಯಾಯಿತು. ನನ್ನ ಅನುಮಾನ ನೇರ ಸಹೋದ್ಯೋಗಿಯ ಮೇಲೆ ಹೋಯಿತು. ಪ್ರಶ್ನೆಗಳ ಪಟ್ಟಿ ಅವರ ಕೈಯಲ್ಲಿತ್ತು. ಅವರು ದಾರಿಯಲ್ಲಿ ಫೋನು ಬಂದರೆ ಕಾರಿನಿಂದಿಳಿದು ದೂರ ಹೋಗಿ ಮಾತಾಡುತ್ತಿದ್ದರು. ಚರ್ಚೆ ಅರ್ಧವಾದಾಗ ಟೀ ಕುಡಿಯುವ ನೆಪದಲ್ಲಿ ಎದ್ದು ಹೋಗಿಬಿಡುತ್ತಿದ್ದರು. ಹೊಳೆನರಸೀಪುರಕ್ಕೆ ಹೋಗುವ ಮುನ್ನ ಪ್ರಶ್ನೆಗಳನ್ನೆಲ್ಲ ಬದಲಾಯಿಸಿದೆ, ಅವರಿಗೆ ತೋರಿಸಲಿಲ್ಲ. ಕಾರಿನಲ್ಲಿ "ಪಟ್ಟಿ ಕೊಡಿ, ಒಂದ್ಸಲ ನೋಡ್ಕತೀನಿ" ಎಂದು ಕೇಳಿದರು. ಮರೆತು ಬಂದೆ ಎಂದು ಸುಳ್ಳು ಹೇಳಿದೆ. ಪಟ್ಟಿ ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು.

ಹೊಳೆನರಸೀಪುರದಲ್ಲಿ ಪ್ರಶ್ನೆಗಳು ಹೊಸವು, ಉತ್ತರ ಮಾತ್ರ ಅದೇ. ನೀವು ಕಂಡ ಒಂದು ಕಷ್ಟದ ಹೆರಿಗೆಯ ಬಗ್ಗೆ ಹೇಳಿ ಎಂದರೂ ತರಬೇತಿ ಉಪಯುಕ್ತವಾಗಿತ್ತು ಎಂದೇ ಶುರುವಾಗುತ್ತಿತ್ತು. ಒಬ್ಬರು ಮಾತ್ರ ಬಾಯಿ ಬಿಡಲಿಲ್ಲ. ನಿವೃತ್ತಿಗೆ ಹತ್ತಿರವಿದ್ದ ಹಿರಿಯ ಸಿಸ್ಟರ್. ಇಡೀ ಹೊತ್ತು ರೆಕಾರ್ಡರಿನ ಕೆಂಪು ದೀಪವನ್ನೇ ನೋಡುತ್ತ ಕೂತಿದ್ದರು. ಮುಗಿದ ಮೇಲೆ ಬೇಕೆಂದೇ ಅವರ ಹಿಂದೆ ಹೋದೆ. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಿಂತರು.

"ಮೊದ್ಲು ಆ ಫೋನ್ ಆಫ್ ಮಾಡಿ ಬ್ಯಾಗ್ಗೆ ಆಕಿ" ಎಂದರು. ಹಾಕಿದೆ. "ಆ ಇನ್ನೊಂದು?" ರೆಕಾರ್ಡರನ್ನೂ ತೆಗೆದು, ಬ್ಯಾಟರಿ ಬಿಚ್ಚಿ ತೋರಿಸಿದೆ.

"ನಿಮ್ಗೆ ಏನ್ ಯೋಳ್ಬೇಕು ಅಂತ ನಮ್ ಗ್ರೂಪ್ನಾಗೆ ಮೆಸೇಜ್ ಬಂದದೆ" ಎಂದು ತಮ್ಮ ಫೋನು ತೆಗೆದು ನನ್ನ ಮುಖದ ಹತ್ತಿರ ಹಿಡಿದರು. ಕಳಿಸಿದವರ ಹೆಸರಿನ ಮೇಲೆ ಹೆಬ್ಬೆರಳು ಇಟ್ಟಿದ್ದರು. ಮೂರು ವಾಕ್ಯ. ತುಂಬಾ ಉಪಯುಕ್ತ, ನಮ್ಮ ಮಿತಿಯಲ್ಲಿ, ಹೆಚ್ಚಿನ ತರಬೇತಿ ಬೇಕು.

"ನಮ್ಮ ಆಫೀಸಿನವರು ಕಳಿಸಿದ್ದಾ?"

"ಆಫೀಸ್ನೋರು ಯಾಕ್ ಕಳಿಸ್ತಾರೆ? ನಮ್ಮೋರೇ ಕಳ್ಸಿರದು, ನಮ್ಮೋರ್ನ ಉಳಿಸ್ಕಳಕೆ." ಫೋನನ್ನು ಕೈಚೀಲಕ್ಕೆ ಹಾಕಿಕೊಂಡರು. "ಎರಡ್ ವರ್ಷದ ಕೆಳಗೆ ಒಂದು ಫಾರಂ ಕೊಟ್ಟಿದ್ರಿ. ಎಸ್ರು ಬರೀಬೇಡಿ, ಅನ್ಸಿದ್ ಬರೀರಿ ಅಂತ. ಚನ್ರಾಯಪಟ್ಣದ್ ಆಸ್ಪತ್ರೆ ಸಿಸ್ಟರ್ ಒಬ್ರು ನಂಬ್ಕಂಡು ಬರದ್ರು. ಒಂದೇ ತಿಂಗ್ಳು, ಕಟ್ಟಾಯದ್ ಕ್ಲಿನಿಕ್ಕಿಗೆ ಎತ್ತಾಕುದ್ರು. ಆ ಫಾರಂ ಎಲ್ಲಾ ಇಸ್ಕಂಡ್ ಓದೋರು ಯಾರು ಮೇಡಂ?"

ನಾನು. ಆ ಕಂತೆಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟವಳು ನಾನೇ. "ಒಮ್ಮೆ ಕಣ್ಣಾಡಿಸ್ತೀನಿ, ಇಟ್ಟು ಹೋಗಿ. ಹಾಜರಿ ಪುಸ್ತಕಾನೂ ಇರಲಿ" ಎಂದಿದ್ದರು. ಕೈಬರಹ ಹೋಲಿಸಲು ಹಾಜರಿ ಪುಸ್ತಕ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಆ ಫಾರಂಗಳಲ್ಲಿ ಟಿಕ್ ಗುರುತುಗಳನ್ನಷ್ಟೇ ಎಣಿಸಿ ನಾನು ವರದಿ ಬರೆದಿದ್ದೆ. ಕೆಳಗೆ ಕೈಯಲ್ಲಿ ಬರೆದದ್ದನ್ನು ಓದಿರಲಿಲ್ಲ.

ವಾಪಸು ಬರುವಾಗ ಸಹೋದ್ಯೋಗಿ, "ನಾನಿದ್ರೆ ಅವರು ಬಾಯಿ ಬಿಡಲ್ಲ, ಅದಕ್ಕೇ ನಡುವೆ ಎದ್ದು ಹೋಗ್ತೀನಿ. ಇವತ್ತು ಏನಾದ್ರೂ ಹೇಳಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರ ಮೇಲೆ ಅನುಮಾನಪಟ್ಟದ್ದನ್ನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ.

ಎರಡು ದಿನ ಬಿಟ್ಟು ಒಬ್ಬಳೇ ಕಟ್ಟಾಯಕ್ಕೆ ಹೋದೆ. ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ ರೋಗಿಗಳು ಇರಲಿಲ್ಲ. ನಲವತ್ತರ ಆಸುಪಾಸಿನ ಆ ಸಿಸ್ಟರ್ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಬನ್ನಿ ಎನ್ನಲಿಲ್ಲ. ರೋಗಿಗಳ ಸ್ಟೂಲು ತೋರಿಸಿ, "ಬಿಪಿ ನೋಡ್ಲಾ?" ಎಂದರು. ನಾನು ತೋಳು ಚಾಚಿದೆ. ಪಟ್ಟಿ ಸುತ್ತಿ, ಗಾಳಿ ಒತ್ತಿ, ನೋಡಿ, "ಜಾಸ್ತಿ ಅದೆ" ಎಂದರು.

ತಪ್ಪಾಯಿತು ಎಂದು ಹೇಳಲು ಬಂದೆ ಎಂದೆ. ಆದದ್ದನ್ನೆಲ್ಲ ಹೇಳಿದೆ. ಅವರು ಬಿಪಿ ಪಟ್ಟಿಯನ್ನು ಮಡಿಸುತ್ತಲೇ ಇದ್ದರು.

"ಈಗ ಯಾರ್ ಕಳ್ಸವ್ರೆ ನಿಮ್ಮ?"

"ಯಾರೂ ಇಲ್ಲ."

"ಅಂಗೇ ಅಂತೀರಿ." ಕಿಟಕಿಯ ಹೊರಗೆ ನೋಡಿದರು, ನನ್ನ ಜೊತೆ ಯಾರಾದರೂ ಬಂದಿದ್ದಾರೋ ಎಂದು. "ನಂ ಮನೆ ಬಾಗೂರು. ಮೂರ್ ಬಸ್ ಇಳ್ದು ಅತ್ತಿ ಬತ್ತೀನಿ. ನಾನೇನ್ ಬೈದು ಬರ್ದಿರ್ನಿಲ್ಲ ಮೇಡಂ. ಅಂಬು ಬ್ಯಾಗು ಬೀರುನಾಗದೆ, ಬೀಗದ ಕೈ ಇಟ್ಕಂಡೋರು ಐದ್ ಗಂಟೆಗೆ ಮನೆಗೋಯ್ತಾರೆ ಅಂತ ಬರದೆ. ಅಷ್ಟೇ."

"ಬೀರು ಯಾಕೆ?"

"ಕಳದೋದ್ರೆ, ಅರದೋದ್ರೆ ಡ್ಯೂಟಿಲಿರೋಳಿಗೆ ಮೆಮೊ ಬತ್ತದಲ್ಲ? ಅದ್ಕೆ ಎಲ್ಲಾ ಕಡೆನೂ ಬೀಗ ಆಕಿ ಮಡ್ಗವ್ರೆ. ನಿಮ್ ಗೊಂಬೆಗಾದ್ರೆ ಬೀಗ ಇರ್ನಿಲ್ಲ."

ಇಷ್ಟು ದಿನ ನಾನು ಹುಡುಕುತ್ತಿದ್ದ ಉತ್ತರ ಎರಡು ವರ್ಷ ಮೊದಲೇ ನನ್ನ ಕೈಗೆ ಬಂದು ಹೋಗಿತ್ತು. ನಿಮ್ಮ ವರ್ಗಾವಣೆ ರದ್ದು ಮಾಡಿ ಎಂದು ಪತ್ರ ಬರೆಯಲೇ ಎಂದು ಕೇಳಿದೆ. "ಬರೆದ್ರೆ ನೀವಿಲ್ಲಿಗೆ ಬಂದಿದ್ರಿ ಅಂತ ಗೊತ್ತಾಯ್ತದೆ. ನನ್ ಪಾಡಿಗೆ ಬುಟ್ಬುಡಿ" ಎಂದರು. ಬರೆಯಲಿಲ್ಲ.

ಆ ಮೇಲೆ ರೆಕಾರ್ಡರ್ ಇಲ್ಲದೆ, ಒಬ್ಬೊಬ್ಬರನ್ನೇ, ಅವರು ಹೇಳಿದ ಕಡೆ ಹೋಗಿ ಕೇಳಿದೆ. ಹನ್ನೊಂದು ಜನ ಮಾತಾಡಿದರು. ಬರೆದುಕೊಂಡದ್ದರಲ್ಲಿ ಊರು, ವಯಸ್ಸು, ಶಿಫ್ಟು ಯಾವುದೂ ಉಳಿಯದಂತೆ ನೋಡಿಕೊಂಡೆ. ವರದಿಯಲ್ಲಿ ಯಾವ ಆಸ್ಪತ್ರೆಯ ಹೆಸರನ್ನೂ ಹಾಕಲಿಲ್ಲ. ಮೊದಲಿನ ಮೂರು ರೆಕಾರ್ಡಿಂಗುಗಳನ್ನು ಅಳಿಸಿದೆ.

ವರದಿ ಓದಿದ ಕಾರ್ಯದರ್ಶಿಗಳು ಮೊದಲು ಕೇಳಿದ್ದು, "ಇದನ್ನು ಹೇಳಿದ್ದು ಯಾರು?"

"ಹೇಳಲಾಗಲ್ಲ ಸರ್. ಒಪ್ಪಿಗೆ ಪತ್ರದಲ್ಲಿ ಮಾತು ಕೊಟ್ಟಿದ್ದೇನೆ."

"ರೆಕಾರ್ಡಿಂಗ್ ಕೊಡಿ."

"ಅಳಿಸಿದ್ದೇನೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿದವರು ಯಾರೂ ಇಲ್ಲ, ದನಿ ಇಲ್ಲ. ಇದೆಲ್ಲ ನೀವೇ ಕೂತು ಬರೆದದ್ದಲ್ಲ ಅಂತ ನಾನು ಹೇಗೆ ನಂಬಲಿ?" "ಬೀರುಗಳು ಇವೆ ಸರ್. ಯಾವುದಾದರೂ ಆಸ್ಪತ್ರೆಗೆ ಸಂಜೆ ಆರಕ್ಕೆ ಹೋಗಿ, ಬ್ಯಾಗು ಕೊಡಿ ಅಂತ ಕೇಳಿ ನೋಡಿ" ಎಂದೆ. ಅವರು ನಿಜಕ್ಕೂ ಹೋದರು. ಯಾವ ಆಸ್ಪತ್ರೆಗೆ ಎಂದು ನನಗೆ ತಿಳಿಸಲಿಲ್ಲ. ಒಂದು ವಾರದ ಮೇಲೆ ಸುತ್ತೋಲೆ ಬಂತು: ಅಂಬು ಬ್ಯಾಗು ಹೆರಿಗೆ ಕೋಣೆಯಲ್ಲೇ, ಕೈಗೆ ಸಿಗುವಂತೆ ತೂಗುಹಾಕಿರಬೇಕು. ಬಳಸುವಾಗ ಹಾಳಾದರೆ ಯಾರಿಗೂ ಮೆಮೊ ಇಲ್ಲ.

ಎರಡು ತಿಂಗಳ ಮೇಲೆ ಅರಕಲಗೂಡಿನಿಂದ ಒಬ್ಬಳು ಫೋನು ಮಾಡಿ, "ಮೇಡಂ, ಇವತ್ ಒತ್ತುದ್ವಿ, ಅತ್ತುಬುಡ್ತು ಕೂಸು" ಎಂದು ಇಟ್ಟುಬಿಟ್ಟಳು. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ತರಬೇತಿಗೆ ಚನ್ನರಾಯಪಟ್ಟಣಕ್ಕೆ ಹೋದಾಗ ನರ್ಸುಗಳು ಕುರ್ಚಿಗಳನ್ನು ಆಗಲೇ ದುಂಡಗೆ ಹಾಕಿದ್ದರು. ಕಷ್ಟದ ಹೆರಿಗೆಗಳ ಬಗ್ಗೆ ಮಾತಾಡೋಣ, ಯಾರು ಶುರು ಮಾಡ್ತೀರಿ ಎಂದೆ. ಕೊನೆಗೆ ಒಬ್ಬಳು, "ಮೊದ್ಲು ನೀವ್ ಯೋಳಿ ಮೇಡಂ. ನಿಮ್ ಕೈಲಿ ತಪ್ಪಾಗಿದ್ದು" ಎಂದಳು.

ಹೇಳಿದೆ. ವಾರ್ಡಿಗೆ ಸೇರಿದ ನಾಲ್ಕನೆಯ ವರ್ಷ, ತಾಯಿಯ ರಕ್ತಸ್ರಾವ ನಿಲ್ಲುತ್ತಿಲ್ಲ ಎಂದು ಗೊತ್ತಾಗಿಯೂ ಡಾಕ್ಟರು ಬೈಯುತ್ತಾರೆಂದು ಕರೆಯಲು ಹತ್ತು ನಿಮಿಷ ತಡ ಮಾಡಿದ್ದು. ಆಕೆ ಬದುಕಿದಳು, ಆದರೆ ಗರ್ಭಕೋಶ ತೆಗೆಯಬೇಕಾಯಿತು. ಅದನ್ನು ಅದುವರೆಗೆ ನನ್ನ ಗಂಡನಿಗೂ ಹೇಳಿರಲಿಲ್ಲ. ಹೇಳುತ್ತಿರುವಾಗ, ಎದುರಿಗೆ ಕೂತಿದ್ದ ಒಬ್ಬಳು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಏನೋ ಬರೆದುಕೊಳ್ಳುತ್ತಿರುವುದು ಕಣ್ಣಿಗೆ ಬಿತ್ತು. ನನ್ನ ಮಾತು ನಿಧಾನವಾಯಿತು. ಅವಳು ಏನು ಬರೆಯುತ್ತಿದ್ದಾಳೆ, ಆ ಹಾಳೆ ಸಂಜೆ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸುತ್ತ, ಅವಳ ಪೆನ್ನನ್ನೇ ನೋಡುತ್ತ ಕತೆ ಮುಗಿಸಿದೆ.