ಗೋವಾಕ್ಕೆ ಹೊರಟ ಗಂಟು

ಮದುವೆಯಾಗಿ ಸಿಂದಗಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ನನಗೆ ಸಮುದ್ರದ ಹುಚ್ಚು ಹಿಡಿಯಿತು. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರರು. ಅವರ ಜೊತೆಯ ಮಾಸ್ತರರೊಬ್ಬರು ಹೆಂಡತಿಯನ್ನು ಕರೆದುಕೊಂಡು ಗೋವಾಕ್ಕೆ ಹೋಗಿಬಂದು ಒಂದು ಫೋಟೋ ತೋರಿಸಿದ್ದರು. ಆ ಹೆಣ್ಣುಮಗಳು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಗುತ್ತಿದ್ದಳು. ಅವಳ ಬೆನ್ನ ಹಿಂದೆ ಏನೂ ಇರಲಿಲ್ಲ. ಗಿಡವಿಲ್ಲ, ಮನೆಯಿಲ್ಲ, ಹೊಲದ ಬದು ಕೂಡ ಇಲ್ಲ. ಹಾಗೆ ಏನೂ ಇಲ್ಲದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನಮ್ಮವರು ಹಳೆಯ ಪರೀಕ್ಷೆಯ ಪೇಪರಿನ ಹಿಂಬದಿಗೆ ಪೆನ್ಸಿಲಿನಿಂದ ದಾರಿ ಬರೆದರು. ಶುಕ್ರವಾರ ಮುಂಜಾನೆ ಬಿಜಾಪುರಕ್ಕೆ ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ರೈಲು, ಹುಬ್ಬಳ್ಳಿಯಿಂದ ಮಡಗಾಂವಿಗೆ ಇನ್ನೊಂದು ರೈಲು. ಸೋಮವಾರ ಮತ್ತೆ ಮನೆ. ಹೋಗಿಬರುವುದರಲ್ಲೇ ರಜೆಯ ಅರ್ಧ ಮುಗಿಯುತ್ತಿತ್ತು.

"ಸಮುದ್ರದ ಮುಂದ ಒಂದೂವರಿ ದಿನ ಸಿಗತೈತಿ ನೋಡು. ಸಾಕೇನು?" ಎಂದು ಕೇಳಿದರು.

"ಒಂದು ತಾಸು ಸಿಕ್ಕರೂ ಸಾಕ್ರಿ," ಅಂದೆ.

ಯಾಕಷ್ಟು ಅವಸರ ಅಂದರೆ, ನಮಗೆ ಇದ್ದದ್ದು ಅದೊಂದೇ ಬಿಡುವು. ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ನಾದಿನಿ ಚೊಚ್ಚಲ ಬಸುರಿ. ಮುಂದಿನ ತಿಂಗಳು ಕುಬಸದ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬರುವವಳಿದ್ದಳು. ಮನೆಯಲ್ಲಿ ಇದ್ದವರು ನಾವು ಮೂವರೇ: ಅತ್ತೆ, ನಮ್ಮವರು, ನಾನು. ನಾದಿನಿ ಬಂದಳೆಂದರೆ ಹೆರಿಗೆ, ಬಾಣಂತನ, ತೊಟ್ಟಿಲು. ಅವಳು ಕೂಸು ಕಟ್ಟಿಕೊಂಡು ಹೋಗುವ ಹೊತ್ತಿಗೆ ನನ್ನದೇ ಸರದಿ ಬಂದಿರುತ್ತದೆ. ಆಮೇಲೆ ಸಮುದ್ರವೆಲ್ಲಿ, ಸಿಂದಗಿಯೆಲ್ಲಿ!

ಅತ್ತೆಗೆ ಹೇಳಿದಾಗ ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಸಮುದ್ರದಾಗ ಏನೈತಿ? ನೀರು. ನಮ್ಮ ಹಿತ್ತಲ ಬಾವ್ಯಾಗ ಏನು ಹಾಲು ಐತೇನು?"

ಆದರೂ ಬೇಡ ಅನ್ನಲಿಲ್ಲ. ಎರಡು ದಿನ ಬಿಟ್ಟು ತಾವೇ ಪಂಚಾಂಗದ ಮಾತು ತೆಗೆದರು. "ಶುಕ್ರವಾರ ಪಡುವಲಕ್ಕ ಶೂಲ ಐತಿ. ಆ ದಿಕ್ಕಿಗೆ ಹೊಸ್ತಿಲ ದಾಟಬಾರದು. ಗುರುವಾರ ಹೋಗ್ರಿ."

"ಗುರುವಾರ ಸಾಲಿ ತಪಾಸಣಿ ಐತಿ ಅವ್ವಾ," ಎಂದರು ನಮ್ಮವರು.

"ಹಂಗಾರ ಪರಸ್ಥಾನ ಇಡೂಣು."

ನಮ್ಮ ಕಡೆ ಹೀಗೆ ದಿನ ಕೂಡಿಬರದಿದ್ದಾಗ ಮಾಡುವ ಉಪಾಯ ಇದು. ಹೊರಡುವವರ ಬಟ್ಟೆಯನ್ನು ಅಕ್ಕಿ, ಅರಿಶಿನದ ಕೊಂಬು, ಅಡಿಕೆಯ ಜೊತೆ ಗಂಟು ಕಟ್ಟಿ, ಒಳ್ಳೆಯ ದಿನ ನೋಡಿ, ಹೋಗುವ ಊರಿನ ಹೆಸರು ಹೇಳಿ ನೆರೆಮನೆಯಲ್ಲಿ ಇಟ್ಟುಬರುವುದು. ಗಂಟು ಹೊರಟಿತೆಂದರೆ ಮನುಷ್ಯರು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದಿನ ಬೇಕಾದರೂ ಅಲ್ಲಿಂದ ಎತ್ತಿಕೊಂಡು ನಡೆಯಬಹುದು. ಒಂದೇ ಕಟ್ಟಳೆ: ಪ್ರಯಾಣ ಮುಗಿಸದೆ ಆ ಗಂಟು ತಿರುಗಿ ಮನೆಯೊಳಗೆ ಬರಬಾರದು, ಬಂದರೆ ಮನೆಯವರಿಗೆ ಕೇಡು.

ನಮ್ಮ ಮನೆಯ ಗಂಟುಗಳು ತಲೆಮಾರಿನಿಂದ ಕೂರುತ್ತಿದ್ದದ್ದು ಗೋಡೆಯಾಚೆಯ ಚಾಚಿಯ ಮನೆಯಲ್ಲಿ. ಅವರ ಹೊಲ, ನಮ್ಮ ಹೊಲ ಒಂದೇ ಬದುವಿನವು. ಚಾಚಿ ಐದು ಹೊತ್ತಿನ ನಮಾಜಿನವಳು, ಆದರೆ ಪರಸ್ಥಾನದ ಕಟ್ಟಳೆ ನಮಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಬುಧವಾರ ಮುಂಜಾನೆ ಅತ್ತೆ ಅವಳ ಬಾಗಿಲಲ್ಲಿ ನಿಂತು, "ಮಗಾ ಸೊಸಿ ಗೋವಾದ ಸಮುದ್ರಕ್ಕ ಹೊಂಟಾರ," ಎಂದು ಗಟ್ಟಿಯಾಗಿ ಹೇಳಿ ಗಂಟು ಕೊಟ್ಟರು. ಚಾಚಿ ಅದನ್ನು ತನ್ನ ತಗಡಿನ ಟ್ರಂಕಿನ ಮೇಲೆ ಇಟ್ಟು, ನನ್ನ ಕಡೆ ತಿರುಗಿದಳು. "ಇಳಕಲ್ಲ ಸೀರಿ ಕಟ್ಟೀ ಏನು ಇದರಾಗ? ಉಪ್ಪುನೀರಿಗೆ ಬಣ್ಣ ಬಿಟ್ಟೀತು ಹುಡುಗಿ, ಸಮುದ್ರೆಲ್ಲಾ ಕೆಂಪಾದೀತು."

ಆ ಎರಡು ದಿನ ನಾನು ಮಾಡಿದ ಕೆಲಸ ಒಂದೂ ನೆಟ್ಟಗಿರಲಿಲ್ಲ. ಹೆಪ್ಪು ಹಾಕಿದ ಹಾಲಿಗೆ ಮತ್ತೆ ಹೆಪ್ಪು ಹಾಕಿದೆ. ನೀರು ತರಲು ಹೋಗಿ ಬರಿಗೊಡ ಹೊತ್ತು ಬಂದೆ. ಏನಾದರೊಂದು ನೆವ ಮಾಡಿ ಚಾಚಿಯ ಮನೆಗೆ ಹೋಗುವುದು, ಟ್ರಂಕಿನ ಮೇಲೆ ಗಂಟು ಇದೆಯೋ ಇಲ್ಲವೋ ನೋಡಿಬರುವುದು. "ಅದಕ್ಕೇನು ಕಾಲು ಬಂದಾವೇನು ಓಡಿ ಹೋಗಾಕ?" ಎಂದು ಚಾಚಿ ನಗುವಳು.

ಗುರುವಾರ ಮಧ್ಯಾಹ್ನ ಮುದ್ದೇಬಿಹಾಳದಿಂದ ನಾದಿನಿ ಬಂದೇಬಿಟ್ಟಳು. ಕುಬಸಕ್ಕೂ ಕಾಯದೆ, ತನ್ನ ಮೈದುನನ ಜೊತೆ ಬಂದು, ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. "ಅಲ್ಲಿ ಊಟ ಸೇರವಲ್ಲದು ಅವ್ವಾ," ಅಂದಳು. ಮೈದುನ ನೀರು ಕುಡಿದು ತಿರುಗಿ ಹೋದ.  ನಾನು ಅವಳಿಗೆ ಕಾಲು ತೊಳೆಯಲು ನೀರು ಕೊಟ್ಟೆ.

ಸಂಜೆಗೆ ಅತ್ತೆ ತೀರ್ಮಾನ ಹೇಳಿದರು. "ಬಸುರಿ ಮಗಳು ಮನ್ಯಾಗ ಬಂದಾಳ. ಆಕಿಗೆ ಮಾಡಿ ಹಾಕೂದು ಬಿಟ್ಟು ಸೊಸಿ ಸಮುದ್ರ ನೋಡಾಕ ಹೋದಳು ಅಂದ್ರ ಜನ ಏನಂದಾರು? ಈ ಸಲ ಬ್ಯಾಡ."

"ಆತು ಬಿಡು ಅವ್ವಾ, ಮುಂದ ನೋಡೂಣು," ಎಂದುಬಿಟ್ಟರು ನಮ್ಮವರು. ಅತ್ತೆಯ ಮಾತಿಗಿಂತ ಅದು ನನಗೆ ಹೆಚ್ಚು ನಾಟಿತು. ಒಂದು ಸಲವಾದರೂ ನನ್ನ ಮುಖ ನೋಡಿ ಆಮೇಲೆ ಹೇಳಬಹುದಿತ್ತು.

"ಹೋಗವಾ, ಗಂಟು ತಗೊಂಡು ಬಾ," ಎಂದರು ಅತ್ತೆ.

ಹೋದೆ. ಚಾಚಿ ಎಲ್ಲ ಕೇಳಿಸಿಕೊಂಡು ಟ್ರಂಕಿಗೆ ಅಡ್ಡ ನಿಂತಳು. "ನಾ ಕೊಡಂಗಿಲ್ಲ. ಹೊಂಟ ಗಂಟು ಹೊಳ್ಳಿ ಮನಿಗೆ ಬರಬಾರದು ಅಂತ ನನಗ ಕಲಿಸಿದಾಕಿನ ನಿಮ್ಮತ್ತಿ."

"ಅವರ ತಗೊಂಡು ಬಾ ಅಂದಾರ ಚಾಚಿ."

"ಹಂಗಾರ ನಡಿ, ನಾನ ಕೇಳತೇನಿ."

ಸೆರಗು ಹೊದ್ದುಕೊಂಡು ನನ್ನ ಮುಂದೆಯೇ ನಡೆದಳು. ನಮ್ಮ ಅಂಗಳದಲ್ಲಿ ನಿಂತು, "ಯಕ್ಕಾ, ಗಂಟು ಒಳಗ ತರಸಾಕತ್ತೀಯಂತ? ಮನ್ಯಾಗ ಬಸುರಿ ಮಗಳನ್ನ ಇಟಗೊಂಡು?" ಎಂದಳು.

ಅತ್ತೆಗೆ ಅದು ಹೊಳೆದಿರಲಿಲ್ಲ. ಮುಖ ಸಪ್ಪಗಾಯಿತು. ಒಂದು ಗಳಿಗೆ ಮಗಳ ಹೊಟ್ಟೆ ನೋಡಿದರು, ಒಂದು ಗಳಿಗೆ ಗೋಡೆ ನೋಡಿದರು. ಆಮೇಲೆ ದಾರಿ ಹುಡುಕಿದರು. "ಇವನು ಇಲ್ಲೇ ಬಾಜೂಕಿನ ಯಂಕಂಚಿಗೆ ಒಯ್ದು ಹೊಳ್ಳಿ ತಂದರಾತು. ಅದೂ ಪ್ರಯಾಣನ ಅಲ್ಲೇನು?"

"ನೀ ನನ್ನ ಬಾಗಲದಾಗ ನಿಂತು ಏನಂದಿ? ಗೋವಾದ ಸಮುದ್ರ ಅಂದಿ. ಯಂಕಂಚ್ಯಾಗ ಸಮುದ್ರ ಎಲ್ಲೈತಿ ಯಕ್ಕಾ? ಹೆಸರು ಹೇಳಿ ಇಟ್ಟ ಮ್ಯಾಲ ದೇವರಿಗೆ ಸುಳ್ಳು ಹೇಳತೀ ಏನು?"

ನಾದಿನಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅತ್ತೆ ಗದರಿದರೆ ಇನ್ನಷ್ಟು ನಕ್ಕಳು. "ಹೋಗಲಿ ಬಿಡ ಅವ್ವಾ. ನಾ ಅಲ್ಲಿಂದ ಇಲ್ಲೀತನಕ ಬಂದದ್ದು ವೈನಿ ರೊಟ್ಟಿ ತಿನ್ನಾಕ ಅಲ್ಲ. ಸಿಟ್ಟಾಗಬ್ಯಾಡ್ರಿ ವೈನಿ, ನಿಮ್ಮ ರೊಟ್ಟಿ ಚಕ್ಕಡಿ ಗಾಲಿ ಇದ್ದಂಗ ಇರತಾವ. ನನಗ ಅವ್ವನ ಕೈ ರೊಟ್ಟಿ ಬೇಕಾಗೇತಿ."

ಬೇರೆ ದಿನವಾಗಿದ್ದರೆ ನಾನು ಒಳಗೆ ಹೋಗಿ ಅತ್ತುಬಿಡುತ್ತಿದ್ದೆ. ಅವತ್ತು ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು.  ಕಡೆಗೆ ಅತ್ತೆ, "ಮುಂಜಾನಿ ಲಗೂನ ಏಳ್ರಿ. ಹೊಸ್ತಿಲ ದಾಟಿದ ಮ್ಯಾಲ ಹೊಳ್ಳಿ ಒಳಗ ಕಾಲಿಡಬ್ಯಾಡ್ರಿ," ಅಂದು ಎದ್ದು ಒಳಗೆ ಹೋದರು.

ಮರುದಿನ ಹೊಸ್ತಿಲು ದಾಟಿದ ಮೇಲೆಯೇ ಬಾಚಣಿಗೆ ಮರೆತದ್ದು ನೆನಪಾಯಿತು. ಒಳಗೆ ಹೋಗುವಂತಿಲ್ಲ. ಚಾಚಿ ತನ್ನದೇ ಕಟ್ಟಿಗೆಯ ಬಾಚಣಿಗೆ ಕೊಟ್ಟಳು. ಗಂಟು ಎತ್ತಿಕೊಂಡು ಓಣಿಗೆ ಬಂದರೆ ನಮ್ಮ ಮನೆಯ ಬಾಗಿಲಲ್ಲಿ ಅತ್ತೆ, ಮೊಣಕೈವರೆಗೆ ಜೋಳದ ಹಿಟ್ಟು. ಬುತ್ತಿಯ ಗಂಟು ನನ್ನ ಕೈಗಿಟ್ಟರು. ಮಗ ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳಿದರು: "ಆಚಿ ದಂಡಿ ಕಾಣೂದ ಇಲ್ಲಂತಲ್ಲ, ಖರೇನು?"

"ಗೊತ್ತಿಲ್ಲರಿ ಅತ್ತಿಯವರ. ನೋಡಿ ಬಂದು ಹೇಳತೇನಿ."

"ಹೂಂ. ನೆಟ್ಟಗ ನೋಡು," ಎಂದು ಒಳಗೆ ಹೋದರು.

ಹೋಗಗೊಟ್ಟರು, ಸರಿ. ಆದರೆ ಮನಸ್ಸಿಗೆ ಸಮಾಧಾನವೆಂಬುದು ಬರಲಿಲ್ಲ. ಬಿಜಾಪುರ ಮುಟ್ಟುವವರೆಗೂ ಅವರ ಹಿಟ್ಟಿನ ಕೈಗಳೇ ಕಣ್ಣ ಮುಂದೆ. ವರ್ಷದಿಂದ ಒಲೆಯ ಮುಂದೆ ಕೂತಿರದ ಮುದುಕಿ, ಮಂಡಿನೋವು ಬೇರೆ. ಯಾರಾದರೂ ಹಿಂದಿನಿಂದ ಬಂದು, "ಮಾಸ್ತರ, ನಿಮ್ಮನ್ನ ಮನ್ಯಾಗ ಕರೀತಾರ," ಅಂದಾರೆಂದು ಬಸ್ಸಿನಲ್ಲಿ ಬಾಗಿಲನ್ನೇ ನೋಡುತ್ತಿದ್ದೆ. ರೈಲಿನಲ್ಲೂ ಅದೇ. ಮುಳವಾಡ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಸೀಟಿನ ತುದಿಗೆ ಬಂದು ಕೂತೆ.

"ಇಳೀತೀ ಏನು?" ಎಂದರು ನಮ್ಮವರು.

"ಇಳಿಯೂಣೇನ್ರಿ?"

 ಅವರು ಕಿಟಕಿಯ ಹೊರಗೆ ನೋಡುತ್ತ, "ನಿನ್ನೆ ನಾ ಹಂಗ ಅನ್ನಬಾರದಾಗಿತ್ತು," ಅಂದರು. ಅಷ್ಟೇ ಅಂದದ್ದು. ರೈಲು ಸೀಟಿ ಹೊಡೆದು ಅಲುಗಿತು. ಬಸವನ ಬಾಗೇವಾಡಿ ರೋಡು ಸ್ಟೇಷನ್ನು ಹಿಂದೆ ಸರಿಯಿತು. ಕೃಷ್ಣೆಯ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದಾಗ, ಎರಡು ದಿನದಲ್ಲಿ ಮೊದಲ ಸಲ ನನಗೆ ಹಸಿವಾಗಿದೆಯೆಂದು ಗೊತ್ತಾಯಿತು. ಬುತ್ತಿ ಬಿಚ್ಚಿದೆ.